ಹೆಸರಿಲ್ಲದ ಬಿಟ್‌ಗಳ ಡಬ್ಬಿ

ತಮ್ಮನ ಕನ್ನಡಕದ ಎಡಗಾಜಿನ ಮೇಲೆ ಇವತ್ತಿಗೂ ಒಂದು ಗೀರು ಇದೆ. ಗಾಜು ಬದಲಿಸೋಣ ಎಂದರೆ ಬೇಡ ಅನ್ನುತ್ತಾನೆ. ಕಳೆದ ಬೇಸಿಗೆಯಲ್ಲಿ ಸಿಂದಗಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಗೋಣಿಚೀಲ ಹೊಲಿಯುವ ದಬ್ಬಣಕ್ಕಿಂತ ಸಣ್ಣದೊಂದು ಬಿಟ್ ಮುರಿದು, ಅದರ ಚೂರು ಬಂದು ಬಡಿದ ಗುರುತು ಅದು. ಎಂಟನೇ ಇಯತ್ತೆಯಲ್ಲಿ ಕನ್ನಡಕ ಬಂದಾಗ ಅತ್ತು ಅತ್ತು ಹಾಕಿಕೊಂಡಿದ್ದ ಹುಡುಗ. ಅದೇ ಕನ್ನಡಕ ಅವತ್ತು ಅವನ ಕಣ್ಣು ಉಳಿಸಿತು.

ಆ ಬಿಟ್ ಯಾವುದು, ಯಾವ ಕೆಲಸಕ್ಕೆ ಮಾಡಿದ್ದು ಅನ್ನುವುದು ನಮಗೆ ಗೊತ್ತಿರಲಿಲ್ಲ. ಗೊತ್ತಿರದೇ ಮಷೀನಿಗೆ ಸಿಕ್ಕಿಸಿದ್ದೆವು. ಆದದ್ದು ಅಷ್ಟೇ.

ನಮ್ಮ ಹೊಟ್ಟೆಪಾಡು ಸುದ್ದಿಯದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕು ಸುತ್ತಿ ಸುದ್ದಿ ಕಳಿಸುತ್ತೇವೆ. ಸುದ್ದಿ ಅಚ್ಚಾದರೆ ದುಡ್ಡು, ಇಲ್ಲದಿದ್ದರೆ ಪೆಟ್ರೋಲು ನಮ್ಮ ಕಿಸೆಯದು. ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ಇಷ್ಟು ವರ್ಷ ಆಯಿತು, ಮಳೆಗಾಲ ಮುಗಿದು ಚುನಾವಣೆಯೂ ಇಲ್ಲದ ತಿಂಗಳಲ್ಲಿ ಮನೆಗೆ ಕೊಡಲು ಏನೂ ಇರುವುದಿಲ್ಲ. ತಮ್ಮ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂಡುತ್ತಾನೆ. ಅಪ್ಪ ಬಡಿಗ. ಚಕ್ಕಡಿ, ಕೂರಿಗೆ, ಚೌಕಟ್ಟು, ತಲಬಾಗಿಲು ಮಾಡಿದ ಕೈ. ಟ್ರ್ಯಾಕ್ಟರ್ ಬಂದ ಮೇಲೆ ಚಕ್ಕಡಿ ಹೋಯಿತು, ಕೂರಿಗೆಯೂ ಹೋಯಿತು. ಬಾಗಿಲು ಉಳಿದಿತ್ತು. ಈಗ ಬಾಗಿಲಿನ ಮೇಲಿನ ಹೂಬಳ್ಳಿಯನ್ನು ಊರೂರಿನ ಸಿಎನ್‌ಸಿ ಅಂಗಡಿಗಳು ಒಂದೇ ದಿನದಲ್ಲಿ ಕೊರೆದು ಕೊಡುತ್ತವೆ.

ಅದಕ್ಕೇ ನಾವೂ ಒಂದು ಸಣ್ಣ ಮಷೀನು ತಂದೆವು. ದೊಡ್ಡ ಅಂಗಡಿಯವರು ಇಟ್ಟುಕೊಳ್ಳುವುದನ್ನು 1325 ಅನ್ನುತ್ತಾರೆ, ಅಂದರೆ 1300 ಮಿಲಿಮೀಟರ್ ಅಗಲ, 2500 ಮಿಲಿಮೀಟರ್ ಉದ್ದ, ಒಂದು ಪೂರ್ತಿ ಪ್ಲೈವುಡ್ ಹಾಳೆ ಹಿಡಿಯುವ ಮಂಚ. ನಮ್ಮದು 3018. ಮೂವತ್ತು ಸೆಂಟಿಮೀಟರ್ ಗುಣಿಸು ಹದಿನೆಂಟು. ಊಟದ ತಾಟಿನಷ್ಟು ಜಾಗ. ಹವ್ಯಾಸಕ್ಕೆ ಮಾಡಿದ ಮಷೀನು ಅದು. ಮನೆಯ ಮುಂದಿನ ಹೆಸರಿನ ಫಲಕ, ಬಹುಮಾನದ ಹಲಿಗೆ, ದೇವರ ಜಗಲಿಗೆ ಹಚ್ಚುವ ಸಣ್ಣ ಪಟ್ಟಿ, ಇಷ್ಟಾದರೆ ಸಾಕು ಎಂದು ಲೆಕ್ಕ ಹಾಕಿದ್ದೆವು. ಹಳೆಯದು, ಇನ್ನೊಬ್ಬರು ಬಿಟ್ಟಿದ್ದು. ಮಷೀನಿನ ಜೊತೆ ಒಂದು ತಗಡಿನ ಬಿಸ್ಕೀಟು ಡಬ್ಬಿ ಬಂತು. ಅಲ್ಲಾಡಿಸಿದರೆ ಗಲಗಲ ಅನ್ನುತ್ತಿತ್ತು. "ಬಿಟ್ ಎಲ್ಲಾ ಅದರಾಗ ಅದಾವ್ರಿ" ಎಂದು ಕೊಟ್ಟವರು ಹೇಳಿದರು. ಯಾವುದು ಏನು ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಸುದ್ದಿಗೆ ಹೋದರೆ ಮೊದಲು ಹೆಸರು ಕೇಳುವವರು ನಾವು. ಹೆಸರು, ಊರು, ವಯಸ್ಸು. ಡಬ್ಬಿಯ ವಿಷಯದಲ್ಲಿ ಆ ಬುದ್ಧಿ ಎಲ್ಲಿ ಹೋಗಿತ್ತೋ.

ಮೊದಲ ದೊಡ್ಡ ಕೆಲಸ ಮುದ್ದೇಬಿಹಾಳದಿಂದ ಬಂತು. ನಿವೃತ್ತ ಮಾಸ್ತರರೊಬ್ಬರು ಅಲ್ಲಿ ಹೊಸ ಮನೆ ಕಟ್ಟಿಸಿದ್ದರು. ಅವರ ಹಿರಿಯರ ಊರು ಬಾಗೇವಾಡಿ ತಾಲೂಕಿನದು, ಆಲಮಟ್ಟಿ ಹಿನ್ನೀರಿನಲ್ಲಿ ಹೋದದ್ದು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಣೆಕಟ್ಟು ಅದು. ಈಗ ನೀರು ನಿಲ್ಲುವುದು 519.60 ಮೀಟರಿಗೆ. ಅದನ್ನು 524.256 ಮೀಟರಿಗೆ ಏರಿಸುವ ಮಾತಿನ ಬಗ್ಗೆ ನಾವೇ ಎಷ್ಟೋ ಸಲ ಸುದ್ದಿ ಮಾಡಿದ್ದೇವೆ. ಮುಳುಗಡೆ ಊರುಗಳ ಜನ ಹೊರಡುವಾಗ ಗೋಡೆ ಬಿಟ್ಟು ಬಂದರು, ತೊಲೆ ಬಾಗಿಲು ಕಿತ್ತು ತಂದರು. ಮಾಸ್ತರರ ಅಪ್ಪ ತಂದದ್ದು ತಲಬಾಗಿಲಿನ ಸಾಗವಾನಿ ಹಲಿಗೆ. ಎರಡು ಅಡಿ ಉದ್ದ, ಒಂಬತ್ತು ಇಂಚು ಅಗಲದ ಒಂದೇ ಒಂದು ತುಂಡು ಚಲೋ ಉಳಿದಿತ್ತು.

"ಇದರ ಮ್ಯಾಲೆ ನಮ್ಮ ಊರಿನ ಹೆಸರು ಕೆತ್ತಿ ಕೊಡ್ರಿ. ಹೊಸ ಮನಿ ಬಾಗಿಲ ಮ್ಯಾಲೆ ಹಾಕ್ತೀನಿ. ಊರಂತೂ ಇಲ್ಲ, ಹೆಸರರೆ ಇರ್ಲಿ" ಅಂದರು. ವಾಸ್ತುಶಾಂತಿಗೆ ಹದಿನೆಂಟು ದಿನ ಇತ್ತು. ಆ ಹಲಿಗೆ ಕೆಟ್ಟರೆ ಇನ್ನೊಂದು ಇಲ್ಲ. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ಹಳೆಯ ಧೋತರದಲ್ಲಿ ಸುತ್ತಿ ಕೊಟ್ಟದ್ದರಲ್ಲೇ ಗೊತ್ತಾಯಿತು.

ಪುಣ್ಯಕ್ಕೆ ನೇರವಾಗಿ ಆ ಹಲಿಗೆಯ ಮೇಲೆ ಕೈ ಹಾಕಲಿಲ್ಲ. ಬೇವಿನ ತುಂಡೊಂದರ ಮೇಲೆ ಪರೀಕ್ಷೆ ಮಾಡಿದೆವು. ಡಬ್ಬಿಯಿಂದ ನೀಲಿ ಪ್ಲಾಸ್ಟಿಕ್ ಉಂಗುರ ಇದ್ದ ಬಿಟ್ ತೆಗೆದು ಸಿಕ್ಕಿಸಿದೆವು. ಅದು ಸರಿಯಾಗಿ ಕೂತಿತು, ಸುರುಳಿ ಇತ್ತು, ಹರಿತವಾಗಿತ್ತು. ಮಷೀನು ಕಟ್ಟಿಗೆಯಲ್ಲಿ ಇಳಿಯಿತು, ಚೆಂದ ಇಳಿಯಿತು. ಪಕ್ಕಕ್ಕೆ ಸರಿದದ್ದೇ ತಡ, ಟಪ್ ಅಂತು.

ಅದು ಡ್ರಿಲ್. ಮೊಬೈಲಿನೊಳಗೆ ಇರುತ್ತದಲ್ಲ, ಅಂಥ ಸರ್ಕ್ಯೂಟ್ ಬೋರ್ಡಿಗೆ ತೂತು ಹಾಕಲು ಮಾಡಿದ್ದು. ಡ್ರಿಲ್ ತಿನ್ನುವುದು ತುದಿಯಿಂದ, ಕೆಳಗೆ ಇಳಿಯುವಾಗ. ಅದರ ಪಕ್ಕೆಗೆ ಹಲ್ಲಿಲ್ಲ. ಪಕ್ಕಕ್ಕೆ ನೂಕಿದರೆ ಕಟ್ಟಿಗೆ ಕೊಯ್ಯುವುದಿಲ್ಲ, ತಾನೇ ಬಾಗಲು ನೋಡುತ್ತದೆ. ಬಾಗುವ ಗುಣ ಅದಕ್ಕಿಲ್ಲ, ಯಾಕೆಂದರೆ ಅದು ಕಾರ್ಬೈಡ್. ಗಾಜಿನ ಬಳೆಯಂತೆ ಪಟ್ಟನೆ ಮುರಿಯುತ್ತದೆ. ಪಕ್ಕಕ್ಕೂ ಕೊಯ್ಯುವಂಥದಕ್ಕೆ ಎಂಡ್ ಮಿಲ್ ಅನ್ನುತ್ತಾರೆ. ಎರಡನ್ನೂ ಅಂಗೈಯಲ್ಲಿ ಇಟ್ಟರೆ ಅವಳಿ ಜವಳಿ ಕಂಡಂತೆ ಕಾಣುತ್ತವೆ.

ಅವ್ವ ಅವತ್ತೇ ಮಷೀನಿನ ಮೇಲೆ ಚಾದರ ಹೊದಿಸಿದಳು. "ಕಣ್ಣು ಹೋದ ಮ್ಯಾಲೆ ಫಲಕ ಯಾರು ಓದ್ತಾರ?" ಎಂದಳು. ಅಪ್ಪ ಏನೂ ಅನ್ನಲಿಲ್ಲ. ಡಬ್ಬಿ ತೆಗೆದು ಒಳಗೆ ನೋಡಿ, ಮುಚ್ಚಳ ಹಾಕಿ, "ಯಾವ ಬಡಿಗ್ಯಾ ಉಳಿ ಎಲ್ಲಾ ಒಂದs ಚೀಲದಾಗ ಸುರೀತಾನಪಾ?" ಅಂದ. ಅವನ ಉಳಿಗಳು ಇಂದಿಗೂ ದಪ್ಪ ಬಟ್ಟೆಯ ಸುರುಳಿಯಲ್ಲಿ, ಒಂದೊಂದಕ್ಕೆ ಒಂದೊಂದು ಕಿಸೆ ಹೊಲಿದು ಇಟ್ಟಿವೆ. ಒಂದರ ಬಾಯಿ ಇನ್ನೊಂದಕ್ಕೆ ತಾಗಬಾರದು. ನಮ್ಮ ಡಬ್ಬಿಯಲ್ಲಿ ಮೂವತ್ತೇಳು ಬಿಟ್ ಒಂದಕ್ಕೊಂದು ತಿಕ್ಕಾಡಿ ಎಷ್ಟು ಹಲ್ಲು ಚೂರಾಗಿದ್ದವೋ.

ಅವತ್ತಿನಿಂದ ಹನ್ನೆರಡು ದಿನ ಮಷೀನು ಹಚ್ಚಲಿಲ್ಲ. ಆ ಮೂವತ್ತೇಳರ ಹೆಸರು ಹುಡುಕಿದೆವು.

ಮೊದಲ ಗಂಟು ಬಿಚ್ಚಿದ್ದು ಅಪ್ಪನೇ. ತಮ್ಮ ವರ್ನಿಯರ್ ಹಿಡಿದು ಬಿಟ್‌ಗಳ ಹಿಡಿಯ ದಪ್ಪ ಅಳೆಯುತ್ತಿದ್ದ. ಮೂರು ಪಾಯಿಂಟ್ ಒಂದು ಏಳು, ಮೂರು ಪಾಯಿಂಟ್ ಒಂದು ಎಂಟು, ಹೀಗೆ ಬರುತ್ತಿತ್ತು. "ಇದೆಂಥಾ ಅಳತಿ? ಮೂರರೆ ಇರ್ಬೇಕು, ಮೂರೂವರೆ ಅರೆ ಇರ್ಬೇಕು" ಎಂದು ಗೊಣಗಿದ. ಅಪ್ಪ ಒಂದನ್ನು ಬೆರಳಲ್ಲಿ ಹೊರಳಿಸಿ, "ಒಂದು ಸೂತ" ಅಂದ.

ನಮ್ಮ ಬಡಿಗರ ಲೆಕ್ಕದಲ್ಲಿ ಇಂಚಿಗೆ ಎಂಟು ಸೂತ. ಒಂದು ಇಂಚು 25.4 ಮಿಲಿಮೀಟರ್, ಎಂಟರಿಂದ ಭಾಗಿಸಿ ನೋಡಿ, 3.175. ಸಣ್ಣ ಮಷೀನಿನ ಬಿಟ್‌ಗಳ ಹಿಡಿ ಜಗತ್ತಿನಾದ್ಯಂತ ಹೆಚ್ಚಾಗಿ ಇದೇ ಅಳತೆ. ಚೀನಾದಲ್ಲಿ ಮಾಡಿದರೂ, ಎಲ್ಲಿ ಮಾಡಿದರೂ, ಹೆಚ್ಚಿನವು ಒಂದು ಸೂತ. ಅದರ ಮೇಲಿನದು 6.35, ಅಂದರೆ ಎರಡು ಸೂತ. ದೊಡ್ಡ ಮಷೀನಿನ ದಪ್ಪ ಬಿಟ್ 12.7, ನಾಲ್ಕು ಸೂತ, ಅರ್ಧ ಇಂಚು. ತಮ್ಮ ಅಪ್ಪನ ಮುಖ ನೋಡಿದ. ಅಪ್ಪ ಎಲೆ ಅಡಿಕೆ ಹಾಕಿಕೊಂಡು ಹೊರಗೆ ಹೋದ.

ಆದರೆ ಇದರಲ್ಲೊಂದು ಮೋಸ ಇದೆ. 6 ಮಿಲಿಮೀಟರ್ ಹಿಡಿಯ ಬಿಟ್ಟೂ ಇವೆ, 6.35ರವೂ ಇವೆ. ಕಣ್ಣಿಗೆ ಒಂದೇ. ಬಿಟ್ಟನ್ನು ಹಿಡಿದುಕೊಳ್ಳುವ ಭಾಗಕ್ಕೆ ಕಾಲೆಟ್ ಅನ್ನುತ್ತಾರೆ, ಸೀಳಿರುವ ಉಕ್ಕಿನ ಬಾಯಿ, ನಟ್ಟು ಬಿಗಿದಂತೆ ಮುಚ್ಚಿಕೊಳ್ಳುತ್ತದೆ. 6.35ರ ಕಾಲೆಟ್ಟಿನಲ್ಲಿ 6ರದ್ದು ಹಾಕಿ ಗಟ್ಟಿ ಬಿಗಿದರೆ ಹಿಡಿದಂತೆ ಅನಿಸಬಹುದು, ಆದರೆ ಸುತ್ತಲೂ ಸಮನಾಗಿ ಹಿಡಿದಿರುವುದಿಲ್ಲ. ತಿರುಗುವಾಗ ತುದಿ ಓಲಾಡುತ್ತದೆ, ಕೆಲವೊಮ್ಮೆ ಜಾರಿ ಕೆಳಗೆ ಬರುತ್ತದೆ. ಇಂಡಿಯ ಮಿಸ್ತ್ರಿ ಹೇಳಿದ್ದು ಇದನ್ನೇ: "ಮೊದಲ ಹಿಡಿ ಅಳೀರಿ. ಮೂತಿ ಆಮ್ಯಾಲೆ ನೋಡ್ರಿ."

ಇಂಡಿಗೆ ಹೋದದ್ದು ಲಿಂಬಿಯ ದರದ ಸುದ್ದಿಗೆ. ಸುದ್ದಿ ಮುಗಿಸಿ, ಡಬ್ಬಿ ಬ್ಯಾಗಿನಲ್ಲಿ ಇಟ್ಟುಕೊಂಡು, ದೊಡ್ಡ ಮಷೀನಿರುವ ಅಂಗಡಿಯೊಂದಕ್ಕೆ ಹೋದೆವು. ಸಾಗವಾನಿ ಬಾಗಿಲಿನ ಮೇಲೆ ಗಣಪತಿ ಮೂಡುತ್ತಿದ್ದ. ಮಿಸ್ತ್ರಿ ವಯಸ್ಸಾದವರು, ಕೈಯಲ್ಲಿ ಕೆತ್ತುತ್ತಿದ್ದವರು, ಈಗ ಮಗನ ಮಷೀನು ಕಾಯುತ್ತಾರೆ. ಕಾಕಾ ಎಂದು ಕರೆದು ಡಬ್ಬಿ ಮುಂದೆ ಇಟ್ಟೆವು. ಮೂತಿಯ ಪಾಠ ಅವರಿಂದ ಆಯಿತು.

ತುದಿ ಸಪಾಟಾಗಿದ್ದರೆ ಫ್ಲಾಟ್ ಎಂಡ್ ಮಿಲ್. ತಳ ಸಮ ಮಾಡಲು, ಅಂಚು ಕತ್ತರಿಸಲು. ತುದಿ ಗುಂಡಗಿದ್ದರೆ ಬಾಲ್ ನೋಸ್. ಗಣಪತಿಯ ಹೊಟ್ಟೆ, ನವಿಲಿನ ಕತ್ತು, ಹೀಗೆ ಉಬ್ಬುತಗ್ಗು ಇರುವಲ್ಲಿ ಅದೇ ಬೇಕು. ಬುಡ ದಪ್ಪ ಇದ್ದು ತುದಿಗೆ ಬರುತ್ತ ಸಪೂರಾಗಿ ಕೊನೆಗೆ ಗುಂಡಗೆ ಮುಗಿದರೆ ಟೇಪರ್ ಬಾಲ್ ನೋಸ್. ಸಣ್ಣ ಕೆತ್ತನೆಗೆ ಅದು, ಬುಡ ದಪ್ಪ ಇರುವುದರಿಂದ ಬೇಗ ಮುರಿಯುವುದಿಲ್ಲ. ಕಾಕಾ ನಮ್ಮ ಡಬ್ಬಿಯಿಂದ ಅಂಥದೊಂದನ್ನು ಎತ್ತಿ ಹಿಡಿ ಮೇಲಿನ ಅಕ್ಷರ ತೋರಿಸಿದರು. ಆರ್ 1.0 ಎಂದಿತ್ತು.

"ಇದರ ತುದಿ ಎಷ್ಟು ದಪ್ಪ?"

"ಒಂದು ಎಂ.ಎಂ. ಅಲ್ರಿ ಕಾಕಾ?"

"ಎರಡು. ಆರ್ ಅಂದ್ರ ತ್ರಿಜ್ಯಾ. ಸಾಲ್ಯಾಗ ಕಲ್ತಿಲ್ಲೇನು?"

ಕಲಿತಿದ್ದೆವು. ವರ್ತುಲದ ತ್ರಿಜ್ಯ, ವ್ಯಾಸ, ಪರೀಕ್ಷೆಯಲ್ಲಿ ಅಂಕವೂ ಬಂದಿತ್ತು. ಕಂಪ್ಯೂಟರಿನಲ್ಲಿ ಬಿಟ್ಟಿನ ಅಳತೆ ಕೇಳುವುದು ಬಹಳ ಸಲ ವ್ಯಾಸವನ್ನು. ಅಲ್ಲಿ ಎರಡರ ಬದಲು ಒಂದು ಹಾಕಿದರೆ ಮಷೀನು ಬಿಟ್ಟನ್ನು ಸಣ್ಣದೆಂದು ತಿಳಿದು ಇಕ್ಕಟ್ಟಿನಲ್ಲಿ ನುಗ್ಗಿಸುತ್ತದೆ. ಗಣಪತಿಯ ಬೆರಳು ಹೋಗುತ್ತವೆ.

ಆಮೇಲೆ ಕಾಕಾ ಒಂದು ಸಾದಾ ಡ್ರಿಲ್ ಬಿಟ್, ಮನೆಮನೆಯಲ್ಲಿ ಇರುತ್ತದಲ್ಲ ಅದನ್ನು, ನಮ್ಮ ಎಂಡ್ ಮಿಲ್‌ಗಳ ಪಕ್ಕ ಒಂದೊಂದಾಗಿ ಇಟ್ಟು ನೋಡಿದರು. ಸುರುಳಿ ಡ್ರಿಲ್ಲಿನ ಕಡೆಗೇ ತಿರುಗಿದ್ದರೆ ಅಪ್‌ಕಟ್. ಚೂರನ್ನು ಮೇಲಕ್ಕೆ ಎತ್ತಿ ಹಾಕುತ್ತದೆ, ಒಳಗೆ ಸ್ವಚ್ಛ, ಆದರೆ ಮೇಲಿನ ಅಂಚಿನ ನಾರು ಎದ್ದು ನಿಲ್ಲುತ್ತದೆ. ಉಲ್ಟಾ ತಿರುಗಿದ್ದರೆ ಡೌನ್‌ಕಟ್. ಮೇಲಿನ ಅಂಚು ಕತ್ತರಿ ಹಾಕಿದಂತೆ, ಆದರೆ ಹೊಟ್ಟು ಕೆಳಗೇ ಒತ್ತಿಕೊಂಡು ಆಳದ ಕೆಲಸದಲ್ಲಿ ಬಿಸಿ ಏರುತ್ತದೆ. ಸನ್ಮೈಕಾ ಹಚ್ಚಿದ ಪ್ಲೈ ಕೊಯ್ಯುವವರು ಕೆಳಗೆ ಒಂದು ಕಡೆ, ಮೇಲೆ ಇನ್ನೊಂದು ಕಡೆ ಸುರುಳಿ ಇರುವ ಕಂಪ್ರೆಶನ್ ಬಿಟ್ ತರಿಸುತ್ತಾರೆ, ಎರಡೂ ಅಂಚು ಚಲೋ ಬರುತ್ತವೆ. ನಮ್ಮಲ್ಲಿ ಅದು ಇರಲಿಲ್ಲ.

ಡ್ರಿಲ್ ಯಾವುದು, ಎಂಡ್ ಮಿಲ್ ಯಾವುದು ಎಂಬುದಕ್ಕೆ ಮಾತ್ರ ಕಾಕಾ ಮೊಬೈಲ್ ತೆಗೆಸಿದರು. ನೀವೂ ಇದನ್ನು ಮಾಡಬಹುದು. ಬಿಳಿ ಹಾಳೆಯ ಮೇಲೆ ಬಿಟ್ ಇಡಿ, ಬೆಳಕಿಗೆ ನಿಲ್ಲಿ, ಫೋಟೋ ತೆಗೆದು ತುದಿಯನ್ನು ಹಿಗ್ಗಿಸಿ ನೋಡಿ. ತುದಿ ಮಾಳಿಗೆಯ ಇಳಿಜಾರಿನಂತೆ ನಡುವೆ ಚೂಪಾಗಿದ್ದರೆ ಡ್ರಿಲ್. ಎರಡು ಮೂಲೆ ಮುಂದೆ ಬಂದು ನಡುವೆ ಸ್ವಲ್ಪ ಒಳಗೆ ಹೋಗಿದ್ದರೆ, ಮೀನಿನ ಬಾಲದಂತಿದ್ದರೆ, ಎಂಡ್ ಮಿಲ್. ಮೈತುಂಬ ಗೋವಿನಜೋಳದ ತೆನೆಯಂತೆ ಕಾಳು ಕಾಳು ಇದ್ದರೆ ಅದು ಸರ್ಕ್ಯೂಟ್ ಬೋರ್ಡು ಕತ್ತರಿಸುವುದು, ಕಟ್ಟಿಗೆಗೆ ಹಾಕಿದರೆ ಪುಡಿ ತುಂಬಿ ಹೊಗೆ ಏಳುತ್ತದೆ. ಉಂಗುರದ ಬಣ್ಣ ನೋಡಿ ಮೋಸ ಹೋಗಬೇಡಿ. ಒಬ್ಬೊಬ್ಬ ತಯಾರಕರದು ಒಂದೊಂದು ಬಣ್ಣದ ಲೆಕ್ಕ, ಡ್ರಿಲ್ಲಿಗೂ ಉಂಗುರ ಇರುತ್ತದೆ, ಎಂಡ್ ಮಿಲ್ಲಿಗೂ ಇರುತ್ತದೆ. ನಾವು ಮೋಸ ಹೋದದ್ದು ಅಲ್ಲಿಯೇ. ಬಂಗಾರದ ಬಣ್ಣ, ನೀಲಿ ಬಣ್ಣದ ಲೇಪವೂ ಅಷ್ಟೇ. ಬಿಟ್ ತಡೆಯಲಿ ಎಂದು ಹಚ್ಚಿದ್ದು, ಅದರಿಂದ ಜಾತಿ ತಿಳಿಯುವುದಿಲ್ಲ.

ಒಂದೇ ದಿನದಲ್ಲಿ ಒಂಬತ್ತು ಡ್ರಿಲ್ ಹೊರಬಿದ್ದವು. ಮುರಿದದ್ದರ ಸಂಬಂಧಿಕರು. ಅವನ್ನು ಬೇರೆ ಶೀಶೆಗೆ ಹಾಕಿ ಮೇಲೆ ಕೆಂಪು ಪಟ್ಟಿ ಸುತ್ತಿದೆವು.

ಮುಂದಿನ ವಾರ ಬಾಗೇವಾಡಿಗೆ ಹೋಗಬೇಕಿತ್ತು. ಅಲ್ಲಿ ಲೇತ್ ಅಂಗಡಿಯೊಂದರಲ್ಲಿ ಪರಿಚಯದ ಹುಡುಗ ಇದ್ದಾನೆ, ಕೂಡಲಸಂಗಮದ ಜಿಟಿಟಿಸಿಯಲ್ಲಿ ಕಲಿತವನು. ಜಿಟಿಟಿಸಿ ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ. 1972ರಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದದ್ದು, ಈಗ ಎಷ್ಟೋ ಊರುಗಳಲ್ಲಿ ಇದೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮಾಡಬಹುದು. ನಮ್ಮ ಕಡೆಯ ಎಷ್ಟು ಮನೆಗಳಿಗೆ ಇದು ಗೊತ್ತಿದೆ ಎಂದು ಆಗಾಗ ಅನಿಸುತ್ತದೆ. ನಮಗೇ ಹತ್ತನೇ ಇಯತ್ತೆಯಲ್ಲಿ ಯಾರೂ ಹೇಳಿರಲಿಲ್ಲ.

ಆ ಹುಡುಗ ಬಿಟ್ಟನ್ನು ತುದಿಯ ಕಡೆಯಿಂದ ನೋಡುತ್ತಾನೆ, ಹಲ್ಲು ಎಣಿಸುತ್ತಾನೆ. ಅವನ ಮಾತಿನಲ್ಲಿ ಫ್ಲೂಟ್. ಒಂದು ಹಲ್ಲಿನದು ಪ್ಲಾಸ್ಟಿಕ್ಕು, ಆಕ್ರಿಲಿಕ್, ಅಲ್ಯುಮಿನಿಯಮ್ಮಿಗೆ ಚಲೋ, ಚೂರು ಹೊರಬೀಳಲು ದೊಡ್ಡ ಜಾಗ ಇರುತ್ತದೆ. ಎರಡು ಹಲ್ಲಿನದು ಕಟ್ಟಿಗೆಗೆ. ನಾಲ್ಕು ಹಲ್ಲಿನದು ಹೆಚ್ಚಾಗಿ ಉಕ್ಕಿಗೆ. "ನಾಕು ಹಲ್ಲಿದ್ರ ಇನ್ನೂ ಚಲೋ ಕೊಯ್ಯೋದಿಲ್ಲೇನು?" ಎಂದು ಕೇಳಿದೆವು. ಅವನು ನಮ್ಮ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಲೆಕ್ಕ ಹಾಕಿದ. ನಮ್ಮ ಸಣ್ಣ ಮಷೀನಿನ ಮೋಟರು ನಿಮಿಷಕ್ಕೆ ಸುಮಾರು 10,000 ಸುತ್ತು. ಎರಡು ಹಲ್ಲು ಅಂದರೆ ನಿಮಿಷಕ್ಕೆ 20,000 ಕಚ್ಚು. ಮಷೀನು ನಿಮಿಷಕ್ಕೆ 1,000 ಮಿಲಿಮೀಟರ್ ಸರಿದರೆ ಒಂದೊಂದು ಹಲ್ಲಿಗೆ 0.05 ಮಿಲಿಮೀಟರ್ ಕಟ್ಟಿಗೆ ಸಿಗುತ್ತದೆ. ಅದೇ ವೇಗದಲ್ಲಿ ನಾಲ್ಕು ಹಲ್ಲಿನದು ಹಾಕಿದರೆ 0.025, ಅರ್ಧ. ಅಷ್ಟು ತೆಳುವಾದಾಗ ಹಲ್ಲು ಕೊಯ್ಯುವುದನ್ನು ಬಿಟ್ಟು ತಿಕ್ಕಲು ಶುರು ಮಾಡುತ್ತದೆ. ತಿಕ್ಕಿದರೆ ಬಿಸಿ, ಬಿಸಿಯಾದರೆ ಕಟ್ಟಿಗೆ ಕರಕಲು, ಬಿಟ್ಟಿನ ಧಾರೆಯೂ ಹೋಗುತ್ತದೆ.

"ಕೆಳಗ ಬೀಳೂದು ನೋಡ್ರಿ ಅಣ್ಣಾರ. ಹಿಟ್ಟಿನಂಗ ಬಿದ್ರ ತಪ್ಪ್ಯಾದ. ತೌಡಿನಂಗ ಬೀಳಬೇಕು."

ಲೋಹದ ಪತ್ತೆಯನ್ನೂ ಅವನೇ ಹೇಳಿದ. ಒಂದೇ ಅಳತೆಯ ಎರಡು ಬಿಟ್ ಎರಡು ಕೈಯಲ್ಲಿ ಹಿಡಿದರೆ ಕಾರ್ಬೈಡಿನದು ಹೆಚ್ಚುಕಡಿಮೆ ದುಪ್ಪಟ್ಟು ಭಾರ. ಒಂದು ಘನ ಸೆಂಟಿಮೀಟರ್ ಉಕ್ಕು ಎಂಟು ಗ್ರಾಂ ಹತ್ತಿರ ತೂಗಿದರೆ ಟಂಗ್‌ಸ್ಟನ್ ಕಾರ್ಬೈಡು ಹದಿನೈದು ಗ್ರಾಂ ಹತ್ತಿರ. ಅಯಸ್ಕಾಂತ ಹಿಡಿದರೆ ಎಚ್ಎಸ್ಎಸ್ ಎಂಬ ಉಕ್ಕಿನದು ಹಾರಿ ಬಂದು ಅಂಟುತ್ತದೆ. ಕಾರ್ಬೈಡು ಒಲ್ಲದ ಮನಸ್ಸಿನಿಂದ ಅಂಟುತ್ತದೆ, ಅದರ ಕಾಳುಗಳನ್ನು ಹಿಡಿದಿಡಲು ಕೋಬಾಲ್ಟ್ ಹಾಕಿರುತ್ತಾರೆ, ಅಷ್ಟಕ್ಕೇ. ಹೀಗಾಗಿ ಅಯಸ್ಕಾಂತ ಒಂದನ್ನೇ ನಂಬಬಾರದು, ತೂಕವನ್ನೂ ನೋಡಬೇಕು. ಸಾಣೆಗೆ ಹಿಡಿದು ಕಿಡಿ ನೋಡುವವರೂ ಇದ್ದಾರೆ. ಕಾರ್ಬೈಡಿನ ಧೂಳು ಪುಪ್ಪುಸಕ್ಕೆ ಕೆಟ್ಟದ್ದು, ಆ ಉಸಾಬರಿ ಬೇಡ.

ಗೋಡೆಗೆ ತೂತು ಹಾಕುವ ವಾಯರ್‌ಮನ್‌ಗಳು ‘ವಿಡಿಯಾ ಬಿಟ್’ ಅನ್ನುವುದನ್ನು ನೀವು ಕೇಳಿರುತ್ತೀರಿ. ಅದೂ ಇದೇ ಕಾರ್ಬೈಡು. ಜರ್ಮನಿಯ ಕ್ರುಪ್ ಕಂಪನಿ 1926ರ ಸುಮಾರಿಗೆ ಇಟ್ಟ ಹೆಸರು, ಅವರ ಭಾಷೆಯಲ್ಲಿ ‘ವಜ್ರದಂತೆ’ ಎಂಬುದರ ಮೊಟಕು. 1960ರ ದಶಕದಲ್ಲಿ ಬೆಂಗಳೂರಿನಲ್ಲೂ ಆ ಹೆಸರಿನ ಕಾರ್ಖಾನೆ ಬಂತು. ಕಂಪನಿಯ ಹೆಸರು ಹೋಗಿ ವಸ್ತುವಿನ ಹೆಸರಾಗಿ ನಮ್ಮ ಹಳ್ಳಿಗಳ ಗೋಡೆಯವರೆಗೆ ನಡೆದು ಬಂದಿದೆ.

ಇನ್ನು ಉಳಿದದ್ದು ನಮಗೆ ನಿಜವಾಗಿ ಬೇಕಾದದ್ದು, ಅಕ್ಷರ ಕೆತ್ತುವ ವಿ-ಬಿಟ್. ಇಂಗ್ಲಿಷಿನ ವಿ ಅಕ್ಷರದ ಆಕಾರ, ಕೋನ ಬೇರೆ ಬೇರೆ. ಡಬ್ಬಿಯಲ್ಲಿ ದಪ್ಪನೆಯವು ಎರಡು ಇದ್ದವು, ಜೊತೆಗೆ ಸೂಜಿಯಂಥವು ಹತ್ತು. ದಪ್ಪನೆಯದೊಂದಕ್ಕೆ ಸುತ್ತಿದ್ದ ಚೀಟಿಯಲ್ಲಿ 60 ಎಂದು ಬರೆದಿತ್ತು. ಅರವತ್ತು ಡಿಗ್ರಿ ಎಂದು ನಂಬಿ ಕಂಪ್ಯೂಟರಿಗೆ ಅದನ್ನೇ ಕೊಟ್ಟಿದ್ದೆವು. ಅವತ್ತು ನೀಲಿ ಉಂಗುರದ್ದು ಮುರಿಯದಿದ್ದರೆ ಮಾಸ್ತರರ ಹಲಿಗೆಗೆ ಹಚ್ಚುತ್ತಿದ್ದದ್ದು ಇದನ್ನೇ.

ಕೋನ ಅಳೆಯಲು ನಮ್ಮಲ್ಲಿ ಯಂತ್ರ ಇಲ್ಲ. ಬಾಗೇವಾಡಿಯ ಹುಡುಗ ಒಂದು ಉಪಾಯ ಕೊಟ್ಟಿದ್ದ. ಚೆನ್ನಾಗಿ ಸಮ ಮಾಡಿದ ಹಲಿಗೆಯ ಮೇಲೆ ಸರಿಯಾಗಿ 2 ಮಿಲಿಮೀಟರ್ ಆಳದ ಒಂದು ಗೆರೆ ಎಳೆದು, ಆ ಗೆರೆ ಮೇಲ್ಗಡೆ ಎಷ್ಟು ಅಗಲ ಬಂತು ನೋಡುವುದು. 4 ಮಿಲಿಮೀಟರ್ ಬಂದರೆ ತೊಂಬತ್ತು ಡಿಗ್ರಿ. 2.3 ಬಂದರೆ ಅರವತ್ತು. 1 ಕ್ಕಿಂತ ಚೂರು ಹೆಚ್ಚು ಬಂದರೆ ಮೂವತ್ತು. ಸೂಜಿಯಂಥ ಬಿಟ್‌ಗಳ ತುದಿ 0.1 ಮಿಲಿಮೀಟರ್ ಸಪಾಟಾಗಿರುತ್ತದೆ, ಅಷ್ಟನ್ನು ಸೇರಿಸಿ ಲೆಕ್ಕ ಹಾಕಬೇಕು. ನಮ್ಮ ಹತ್ತೂ ಸೂಜಿಗಳು 0.8 ಕೊಟ್ಟವು, ಅಂದರೆ ಇಪ್ಪತ್ತು ಡಿಗ್ರಿ. ಮಾರುವವರು ಕೆಲವರು ಪೂರ್ತಿ ಕೋನ ಹೇಳುತ್ತಾರೆ, ಕೆಲವರು ಅರ್ಧ ಹೇಳುತ್ತಾರೆ, ಹೀಗಾಗಿ ಪಾಕೀಟಿನ ಮೇಲಿನ ಅಂಕಿಗಿಂತ ಗೆರೆಯ ಮಾತು ಖರೆ.

ಬೇವಿನ ಹಲಿಗೆ ಉಜ್ಜಿ ಕೊಡು ಎಂದು ಅಪ್ಪನನ್ನು ಕೇಳಿದೆವು. ಮಷೀನಿನ ಹತ್ತಿರ ಬಾರದ ಮನುಷ್ಯ, ಹಲಿಗೆ ಮಾತ್ರ ಕನ್ನಡಿಯಂತೆ ಮಾಡಿ ಕೊಟ್ಟ. ಅವ್ವ ಚಾದರ ತೆಗೆಯಲು ಬಿಟ್ಟದ್ದು ತಮ್ಮ ಕನ್ನಡಕದ ಮೇಲೆ ದೊಡ್ಡ ಗಾಗಲ್ ಹಾಕಿಕೊಂಡ ಮೇಲೆ.

ಚೀಟಿಯ ಬಿಟ್ಟಿನ ಗೆರೆ 4 ಮಿಲಿಮೀಟರ್ ಬಂತು.

ತೊಂಬತ್ತು. ಆ 60 ಏನಿತ್ತೋ, ಬೆಲೆಯೋ, ಯಾರದೋ ಮನೆ ನಂಬರೋ. ತಮ್ಮ ಕಂಪ್ಯೂಟರಿನಲ್ಲಿ ತೋರಿಸಿದ. ಅಕ್ಷರದ ಒಂದು ಗೆರೆ 6 ಮಿಲಿಮೀಟರ್ ಅಗಲ ಬೇಕಿದ್ದರೆ, ಅರವತ್ತು ಡಿಗ್ರಿ ಎಂದು ನಂಬಿದ ಮಷೀನು 5.2 ಮಿಲಿಮೀಟರ್ ಆಳ ಇಳಿಯುತ್ತದೆ. ತೊಂಬತ್ತರ ಬಿಟ್ ಅಷ್ಟು ಆಳ ಇಳಿದರೆ ಗೆರೆ 10.4 ಮಿಲಿಮೀಟರ್ ಅಗಲವಾಗುತ್ತದೆ. ಇಂಗ್ಲಿಷ್ ಅಕ್ಷರವಾದರೆ ದಪ್ಪಗಾದರೂ ಓದಬಹುದು. ನಮ್ಮದು ಹಾಗಲ್ಲ. ತಲೆಕಟ್ಟು, ಕೊಂಬು, ದೀರ್ಘ, ಕೆಳಗೆ ಒತ್ತಕ್ಷರ, ಎಲ್ಲದರ ನಡುವೆ ಕೂದಲೆಳೆಯ ಜಾಗ. ಮಾಸ್ತರರ ಊರಿನ ಹೆಸರಿನಲ್ಲಿ ಒತ್ತಕ್ಷರ ಇದೆ. ಬೇವಿನ ಮೇಲೆ ಬೇಕೆಂದೇ ತಪ್ಪು ಕೋನ ಕೊಟ್ಟು ಕೆತ್ತಿ ನೋಡಿದೆವು. ಒತ್ತು ಮೇಲಿನ ಅಕ್ಷರಕ್ಕೆ ಕೂಡಿ, ನಡುವಿನ ಕಟ್ಟಿಗೆ ಚಕ್ಕೆ ಎದ್ದು, ಯಾವ ಊರೋ ಗೊತ್ತಾಗದಂತೆ ಒಂದು ಗುಂಡಿ ಉಳಿಯಿತು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಎರಡನೇ ದಪ್ಪ ಬಿಟ್ 2.3 ಕೊಟ್ಟಿತು. ಅದು ನಿಜವಾದ ಅರವತ್ತು. ಹೆಸರು ದೊಡ್ಡದು, ಮಷೀನು ಸಣ್ಣದು, ಹಲಿಗೆಯನ್ನು ಮೂರು ಸಲ ಸರಿಸಿ ಕೆತ್ತಬೇಕು. ಮೂರೂ ಸಲ ಅದೇ ಬಿಟ್ ಇರಬೇಕು, ನಡುವೆ ಬದಲಾದರೆ ಅಕ್ಷರದ ದಪ್ಪ ಬೇರೆಯಾಗುತ್ತದೆ. ಅದರ ಹಿಡಿಗೆ ಪರ್ಮನೆಂಟ್ ಮಾರ್ಕರಿನಿಂದ 60 ಎಂದು ಬರೆದೆವು. ಈ ಸಲ ಬರೆದದ್ದು ನಾವು.

ಮಷೀನು ಹಚ್ಚುವ ಮುಂಚೆ ಅಪ್ಪ ಒಂದು ಕೆಲಸ ಮಾಡಿದ. ತಮ್ಮನ ರಿಪೇರಿ ಸಾಮಾನಿನಿಂದ ಹಳೇ ಸ್ಪೀಕರಿನ ಅಯಸ್ಕಾಂತ ಇಸಿದುಕೊಂಡು, ದಾರಕ್ಕೆ ಕಟ್ಟಿ, ಸಾಗವಾನಿ ಹಲಿಗೆಯ ಮೇಲೆ ನಿಧಾನಕ್ಕೆ ಆಡಿಸಿದ. ನಡುವಿನಿಂದ ಎರಡು ಬೆರಳು ಮೇಲೆ ಅದು ತಡವರಿಸಿ ಒಂದು ಕಡೆ ಎಳೆಯಿತು. "ಮೊಳಿ" ಅಂದ. ಹೊರಗೆ ಏನೂ ಕಾಣುತ್ತಿರಲಿಲ್ಲ. ಎಂದೋ ಚಿಲಕವೋ ತೋರಣದ ಕೊಂಡಿಯೋ ಹೊಡೆದ ಮೊಳೆ ಒಳಗೆ ಮುರಿದು ಉಳಿದಿತ್ತು. ಮಷೀನು ಓಡುವಾಗ ಕಾರ್ಬೈಡ್ ಅದಕ್ಕೆ ಬಡಿದಿದ್ದರೆ ಮತ್ತೆ ಟಪ್. ಮೊಳೆ ಕೀಳಲು ಹೋದರೆ ಹಲಿಗೆ ಸೀಳಬಹುದಿತ್ತು. ಹೆಸರನ್ನೇ ಮೂರು ಬೆರಳು ಕೆಳಗೆ ಇಳಿಸಿದೆವು. ನೋಡಿದವರಿಗೆ ಹೆಸರು ನಡುವೆ ಇಲ್ಲ ಅನಿಸುತ್ತದೆ. ಮಾಸ್ತರರಿಗೆ ಕಾರಣ ಹೇಳಿದೆವು. ಅವರು ಮೊಳೆ ಇರುವ ಜಾಗದ ಮೇಲೆ ಬೆರಳಿಟ್ಟು ಬಹಳ ಹೊತ್ತು ನಿಂತರು. "ಇಲ್ಲೇ ನಮ್ಮವ್ವ ಮಾವಿನ ತೋರಣಾ ಕಟ್ತಿದ್ಳು" ಅಂದರು.

ವಾಸ್ತುಶಾಂತಿಯ ಊಟಕ್ಕೆ ಹೋಗಿ ಬಂದೆವು. ಹೂರಣದ ಹೋಳಿಗೆ ಚಲೋ ಇತ್ತು. ಮಾಸ್ತರರು ಕೊಟ್ಟದ್ದರಲ್ಲಿ ಮುರಿದ ಬಿಟ್ಟಿನ ಖರ್ಚು, ಗಾಗಲ್, ಪೆಟ್ರೋಲು ಕಳೆದು ಉಳಿದದ್ದು ಹೆಚ್ಚೇನಲ್ಲ. ಆ ಮೇಲೆ ಹೆಸರಿನ ಫಲಕದ ಕೆಲಸ ತಿಂಗಳಿಗೆ ನಾಲ್ಕೈದು ಬರುತ್ತಿವೆ.

ಅಪ್ಪ ಬೇವಿನ ದಿಮ್ಮಿಯೊಂದಕ್ಕೆ ಸಾಲಾಗಿ ತೂತು ಹಾಕಿ ಬಿಟ್ ನಿಲ್ಲಿಸುವ ಹಲಿಗೆ ಮಾಡಿಕೊಟ್ಟಿದ್ದಾನೆ. ಒಂದು ಸೂತದ ಸಾಲು, ಎರಡು ಸೂತದ ಸಾಲು, 6 ಮಿಲಿಮೀಟರಿಗೆ ಬೇರೆ ಸಾಲು. ಒಂದೊಂದರ ಮುಂದೆ ತಮ್ಮ ಚೀಟಿ ಅಂಟಿಸಿದ್ದಾನೆ: ಮೂತಿ, ದಪ್ಪ, ಹಲ್ಲು, ಯಾವುದಕ್ಕೆ. ಮಹಾನವಮಿಯ ಖಂಡೆ ಪೂಜೆಗೆ ಅಪ್ಪನ ಉಳಿಗಳ ಪಕ್ಕ ಅದನ್ನೂ ಜಗಲಿಯ ಮೇಲೆ ಇಟ್ಟೆವು. ಅವ್ವ ಕುಂಕುಮ ಹಚ್ಚಲು ಬಂದಾಗ ತಮ್ಮ ತಡೆದ. ಹಿಡಿಗೆ ಕುಂಕುಮದ ಒಂದು ಕಣ ಹತ್ತಿದರೂ ಕಾಲೆಟ್ಟಿನಲ್ಲಿ ಸೊಟ್ಟ ಕೂಡುತ್ತದಂತೆ. ಅವ್ವ ಹಲಿಗೆಗೆ ಹಚ್ಚಿ ಸುಮ್ಮನಾದಳು.

ಮೂವತ್ತೇಳರಲ್ಲಿ ಮೂವತ್ತರ ಹೆಸರು ಸಿಕ್ಕಿತು. ಉಳಿದ ಏಳನ್ನು ಇಂಡಿಯ ಕಾಕಾ ನೋಡಿದರು, ಬಾಗೇವಾಡಿಯ ಹುಡುಗ ನೋಡಿದ, ಅವರಿಗೂ ಖಾತ್ರಿ ಆಗಲಿಲ್ಲ. ಒಂದರ ಮೂತಿ ಡ್ರಿಲ್ಲಿನಂತೆ, ಮೈ ಎಂಡ್ ಮಿಲ್ಲಿನಂತೆ. ಇನ್ನೊಂದಕ್ಕೆ ಹಲ್ಲೇ ಸವೆದು ಹೋಗಿವೆ. ಅವು ಒಂದು ಔಷಧದ ಶೀಶೆಯಲ್ಲಿ, ‘ಗೊತ್ತಿಲ್ಲ’ ಎಂಬ ಚೀಟಿ ಹಚ್ಚಿಕೊಂಡು ಮಷೀನಿನಿಂದ ದೂರ, ಅವ್ವನ ದೇವರ ಗೂಡಿನ ಪಕ್ಕ ಇವೆ. ತಮ್ಮ ಆಗಾಗ ಶೀಶೆ ಎತ್ತಿ ಬೆಳಕಿಗೆ ಹಿಡಿದು ನೋಡಿ, ಮತ್ತೆ ಅಲ್ಲೇ ಇಡುತ್ತಾನೆ.